ಕಡಲೆ ಕಾಯಿಕೊರಕದ ಎನ್‌ಪಿವಿ ಮತ್ತು ಅತಿನೇರಳೆ ಕಿರಣ

ಕಡಲೆ ಕಾಯಿಕೊರಕದ ಎನ್‌ಪಿವಿ ಎಂಬುದು ಕಡಲೆ, ಹತ್ತಿ, ತೊಗರಿ, ಸೂರ್ಯಕಾಂತಿ ಮೊದಲಾದ ಬೆಳೆಗಳನ್ನು ತಿನ್ನುವ ಹೆಲಿಕೊವರ್ಪಾ ಆರ್ಮಿಜೆರಾ ಎಂಬ ಹುಳುವಿಗೆ ಮಾರಕ ರೋಗವನ್ನು ತರುವ ವೈರಾಣು. ಇದರ ಪೂರ್ಣ ಹೆಸರು ಹೆಲಿಕೊವರ್ಪಾ ಆರ್ಮಿಜೆರಾ ನ್ಯೂಕ್ಲಿಯೊಪಾಲಿಹೆಡ್ರೊವೈರಸ್. ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳೂ ಸೇರಿದಂತೆ ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಹಿಂಗಾರಿನ ಕಡಲೆಗೆ ಶಿಫಾರಸು ಮಾಡಲಾಗುವ ಜೈವಿಕ ಕೀಟನಾಶಕಗಳಲ್ಲಿ ಇದು ಮುಖ್ಯವಾದದ್ದು. ಇದರ ಅತಿ ದೊಡ್ಡ ದೌರ್ಬಲ್ಯವೆಂದರೆ ಬಿಸಿಲು. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳು ವೈರಾಣುವಿನ ಡಿಎನ್‌ಎಯನ್ನು ಕೆಡಿಸಿ, ಅದರ ವಂಶವಾಹಿಗಳು ಕ್ರಮವಾಗಿ ಕೆಲಸ ಮಾಡದಂತೆಯೂ ಡಿಎನ್‌ಎ ಇಮ್ಮಡಿಯಾಗದಂತೆಯೂ ತಡೆಯುತ್ತವೆ. ಎನ್‌ಪಿವಿಯನ್ನು ಸಂಜೆ ಸಿಂಪಡಿಸಬೇಕು, ದ್ರಾವಣಕ್ಕೆ ಬೆಲ್ಲ ಮತ್ತು ಬಟ್ಟೆಯ ನೀಲಿಯನ್ನು ಬೆರೆಸಬೇಕು ಎಂಬ ಸಲಹೆಗಳ ಹಿಂದೆ ಇರುವುದು ಬಹುಮಟ್ಟಿಗೆ ಈ ಕಾರಣವೇ.

ಪ್ರಾದೇಶಿಕ ಹಿನ್ನೆಲೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಗಜೇಂದ್ರಗಡವು ಮೊದಲು ರೋಣ ತಾಲ್ಲೂಕಿನ ಭಾಗವಾಗಿದ್ದು, ಅನಂತರ ಪ್ರತ್ಯೇಕ ತಾಲ್ಲೂಕಾಯಿತು. ಮೂರೂ ಊರುಗಳು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿ, ಅಂದರೆ ಉತ್ತರ 15.7 ಡಿಗ್ರಿಯ ಆಸುಪಾಸಿನಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ನರಗುಂದ, ರೋಣ, ಗಜೇಂದ್ರಗಡ ಎಂಬ ಕ್ರಮದಲ್ಲಿವೆ. ಇಲ್ಲಿನ ಹೆಚ್ಚಿನ ಭೂಮಿ ತೇವವನ್ನು ಬಹುಕಾಲ ಹಿಡಿದಿಡುವ ಕಪ್ಪು ಎರೆಮಣ್ಣು. ನರಗುಂದ ತಾಲ್ಲೂಕಿನ ಒಂದು ಭಾಗಕ್ಕೆ ಮಲಪ್ರಭಾ ಕಾಲುವೆಯ ನೀರು ದೊರೆಯುತ್ತದೆ. ಉಳಿದೆಡೆ ಬೇಸಾಯವು ಬಹುಪಾಲು ಮಳೆಯನ್ನೇ ನಂಬಿದೆ.

ಹಿಂಗಾರಿನಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ, ಸೂರ್ಯಕಾಂತಿ ಈ ಭಾಗದ ಮುಖ್ಯ ಬೆಳೆಗಳು. ಕಡಲೆಯನ್ನು ಸಾಮಾನ್ಯವಾಗಿ ಅಕ್ಟೋಬರಿನ ಹದದಲ್ಲಿ ಬಿತ್ತುತ್ತಾರೆ. ಅಣ್ಣಿಗೇರಿ-1 ಮತ್ತು ಜೆಜಿ-11 ಇಲ್ಲಿ ಪರಿಚಿತವಾದ ತಳಿಗಳು. ಬೆಳೆ ಹೂ ಬಿಟ್ಟು ಕಾಯಿ ಕಟ್ಟುವುದು ಡಿಸೆಂಬರ್ ಮತ್ತು ಜನವರಿಯ ಸುಮಾರಿಗೆ. ಆ ಹೊತ್ತಿಗೆ ಮಳೆಗಾಲ ಮುಗಿದು ಆಕಾಶ ನಿರ್ಮಲವಾಗಿರುತ್ತದೆ. ಗಿಡವೂ ಕುಳ್ಳು; ಅದರ ಚಿಕ್ಕ ಚಿಕ್ಕ ಎಲೆಗಳು ಒಂದಕ್ಕೊಂದು ಹೆಚ್ಚು ನೆರಳು ಕೊಡುವುದಿಲ್ಲ. ಆದ್ದರಿಂದ ಗಿಡದ ಮೇಲೆ ಬಿದ್ದ ವೈರಾಣು ದಿನವಿಡೀ ಬಿಸಿಲಿಗೆ ತೆರೆದುಕೊಂಡಿರುತ್ತದೆ. ಕೀಟದ ಹಾವಳಿ ಹೆಚ್ಚುವ ಕಾಲ ಮತ್ತು ಮೋಡವಿಲ್ಲದ ಬಿಸಿಲಿನ ಕಾಲ ಇಲ್ಲಿ ಒಟ್ಟಿಗೇ ಬರುತ್ತವೆ.

ಕಾಯಿಕೊರಕ ಹುಳು

ಹೆಲಿಕೊವರ್ಪಾ ಆರ್ಮಿಜೆರಾದ ಹೆಣ್ಣು ಪತಂಗವು ಎಳೆಯ ಎಲೆ, ಮೊಗ್ಗು ಮತ್ತು ಹೂಗಳ ಮೇಲೆ ಬಿಡಿಬಿಡಿಯಾಗಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮರಿಹುಳು ಹೊರಬಂದು ಮೊದಲು ಎಲೆಯ ಹಸಿರನ್ನು ಕೆರೆದು ತಿನ್ನುತ್ತದೆ. ಬೆಳೆದ ಹುಳುವು ಕಾಯಿಗೆ ರಂಧ್ರ ಕೊರೆದು, ತಲೆಯನ್ನು ಒಳಗೆ ತೂರಿಸಿ ಮೈಯನ್ನು ಹೊರಗೆ ಬಿಟ್ಟುಕೊಂಡು ಕಾಳನ್ನು ತಿನ್ನುತ್ತದೆ. ಒಂದು ಹುಳು ತನ್ನ ಜೀವಿತದಲ್ಲಿ 30ರಿಂದ 40 ಕಾಯಿಗಳನ್ನು ಹಾಳುಮಾಡಬಲ್ಲದು ಎಂದು ಕೃಷಿ ಕೈಪಿಡಿಗಳು ಅಂದಾಜಿಸುತ್ತವೆ.

ಈ ಕೀಟವು ರಾಸಾಯನಿಕ ಕೀಟನಾಶಕಗಳಿಗೆ ಬೇಗನೆ ಒಗ್ಗಿಕೊಳ್ಳುತ್ತದೆ. 1987ರಲ್ಲಿ ಆಂಧ್ರಪ್ರದೇಶದ ಹತ್ತಿ ಹೊಲಗಳಲ್ಲಿ ಸಂಶ್ಲೇಷಿತ ಪೈರೆಥ್ರಾಯ್ಡ್ ಔಷಧಿಗಳು ಇದರ ಮೇಲೆ ಕೆಲಸ ಮಾಡದೆ ಹೋದದ್ದು ಭಾರತದಲ್ಲಿ ಗಮನ ಸೆಳೆದ ಮೊದಲ ದೊಡ್ಡ ನಿದರ್ಶನ. ಒಣಬೇಸಾಯದ ರೈತನಿಗೆ ಇದರಿಂದ ಎರಡು ಬಗೆಯ ನಷ್ಟ: ಮೇಲಿಂದ ಮೇಲೆ ಸಿಂಪಡಿಸುವ ಖರ್ಚು ಒಂದು, ಖರ್ಚು ಮಾಡಿದರೂ ಉಳಿಯದ ಬೆಳೆ ಮತ್ತೊಂದು. ಎನ್‌ಪಿವಿಯತ್ತ ಕೃಷಿ ವಿಜ್ಞಾನಿಗಳ ಒಲವು ಹೆಚ್ಚಲು ಇದು ಒಂದು ಕಾರಣವಾಯಿತು.

ವೈರಾಣುವಿನ ರಚನೆ

ಈ ವೈರಾಣು ಬ್ಯಾಕ್ಯುಲೊವೈರಸ್ ಎಂಬ ಕುಟುಂಬಕ್ಕೆ ಸೇರಿದೆ. ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಚಿರಪರಿಚಿತವಾದ ಹಾಲುತೊಂಡೆ ರೋಗವನ್ನು ತರುವ ವೈರಾಣುವೂ ಇದೇ ಕುಟುಂಬದ್ದು. ಆದರೆ ಈ ಗುಂಪಿನ ವೈರಾಣುಗಳು ಆಶ್ರಯ ಜೀವಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಾಯಿಕೊರಕದ ಎನ್‌ಪಿವಿಯು ಹೆಲಿಕೊವರ್ಪಾ ಮತ್ತು ಅದರ ಹತ್ತಿರದ ಸಂಬಂಧಿ ಕೀಟಗಳಿಗೆ ಮಾತ್ರ ಸೀಮಿತವಾಗಿದೆ.

ವೈರಾಣುವಿನ ಅನುವಂಶಿಕ ವಸ್ತು ಉಂಗುರಾಕಾರದ, ಎರಡು ಎಳೆಗಳ ಡಿಎನ್‌ಎ. ಚೀನಾದಲ್ಲಿ ದೊರೆತ ಜಿ4 ಎಂಬ ಪ್ರಭೇದದ ಸಂಪೂರ್ಣ ಜೀನೋಮ್ 2001ರಲ್ಲಿ ಪ್ರಕಟವಾಯಿತು. ಅದರ ಉದ್ದ 1,31,403 ಬೇಸ್ ಜೋಡಿಗಳು. ಅದರಲ್ಲಿ 135 ವಂಶವಾಹಿ ಚೌಕಟ್ಟುಗಳನ್ನು ಗುರುತಿಸಲಾಗಿದೆ. ಬೇಸ್‌ಗಳಲ್ಲಿ ಶೇಕಡಾ 60ಕ್ಕೂ ತುಸು ಹೆಚ್ಚು ಭಾಗ ಅಡೆನಿನ್ ಮತ್ತು ಥೈಮಿನ್.

ಡಿಎನ್‌ಎಯನ್ನು ಹೊತ್ತ ಕಡ್ಡಿಯಾಕಾರದ ಅನೇಕ ಕಣಗಳು ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಹರಳಿನೊಳಗೆ ಹುದುಗಿರುತ್ತವೆ. ಅನೇಕ ಮುಖಗಳುಳ್ಳ ಈ ಹರಳನ್ನು ಪಾಲಿಹೆಡ್ರಾ ಎಂದು ಕರೆಯುತ್ತಾರೆ. ಅದರ ಗಾತ್ರ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಬೀಜಕ್ಕೆ ಸಿಪ್ಪೆ ಇದ್ದಂತೆ ಈ ಹರಳು ವೈರಾಣುವನ್ನು ಒಣಗುವಿಕೆ, ಕೊಳೆಯುವಿಕೆಗಳಿಂದ ಕಾಪಾಡುತ್ತದೆ. ಆದರೆ ಅತಿನೇರಳೆ ಕಿರಣಗಳು ಅದನ್ನು ಹಾದು ಒಳಗಿನ ಡಿಎನ್‌ಎಯನ್ನು ತಲುಪುತ್ತವೆ.

ಸೋಂಕು ಹರಡುವ ಕ್ರಮ

ಹುಳುವು ಎಲೆಯೊಂದಿಗೆ ಪಾಲಿಹೆಡ್ರಾವನ್ನು ತಿಂದಾಗ ಮಾತ್ರ ಸೋಂಕು ಆರಂಭವಾಗುತ್ತದೆ. ಮೈಗೆ ತಗುಲಿದರೆ ಏನೂ ಆಗುವುದಿಲ್ಲ. ಹುಳುವಿನ ನಡುಗರುಳಿನ ರಸ ತೀವ್ರ ಕ್ಷಾರೀಯವಾಗಿದ್ದು, ಅದರಲ್ಲಿ ಹರಳು ಕರಗಿ ವೈರಾಣು ಕಣಗಳು ಬಿಡುಗಡೆಯಾಗುತ್ತವೆ. ಅವು ಕರುಳಿನ ಜೀವಕೋಶಗಳನ್ನು ಹೊಕ್ಕು ಕೋಶಕೇಂದ್ರವನ್ನು ಸೇರಿ ಅಲ್ಲಿ ವೃದ್ಧಿಯಾಗುತ್ತವೆ. ಅಲ್ಲಿಂದ ಹೊಮ್ಮುವ ಹೊಸ ಕಣಗಳು ದೇಹದ ಇತರ ಅಂಗಾಂಶಗಳಿಗೆ ಹಬ್ಬುತ್ತವೆ.

ಸುಮಾರು ಐದರಿಂದ ಏಳು ದಿನಗಳಲ್ಲಿ ಹುಳು ಸಾಯುತ್ತದೆ. ಸಾಯುವ ಮೊದಲು ಅದು ಗಿಡದ ತುದಿಗೆ ಏರಿ, ಹಿಂಗಾಲುಗಳಿಂದ ಹಿಡಿದುಕೊಂಡು ತಲೆಕೆಳಗಾಗಿ ಜೋತುಬೀಳುವುದು ಈ ರೋಗದ ಪ್ರಸಿದ್ಧ ಲಕ್ಷಣ. ಅನಂತರ ಚರ್ಮ ಒಡೆದು, ಕೋಟ್ಯಂತರ ಪಾಲಿಹೆಡ್ರಾಗಳಿರುವ ದ್ರವ ಕೆಳಗಿನ ಎಲೆಗಳ ಮೇಲೆ ಸೋರುತ್ತದೆ. ಈ ಏರುವಿಕೆಗೆ ಬೆಳಕಿನ ಸೆಳೆತ ಕಾರಣವೆಂದೂ, ವೈರಾಣುವು ಹುಳುವಿನ ದೃಷ್ಟಿಗೆ ಸಂಬಂಧಿಸಿದ ವಂಶವಾಹಿಗಳ ಚಟುವಟಿಕೆಯನ್ನು ಹೆಚ್ಚಿಸಿ ಅದನ್ನು ಬೆಳಕಿನ ಕಡೆಗೆ ನಡೆಸುತ್ತದೆಂದೂ 2022ರಲ್ಲಿ ಪ್ರಕಟವಾದ ಚೀನೀ ಸಂಶೋಧಕರ ಅಧ್ಯಯನ ತೋರಿಸಿದೆ. ಹೀಗೆ ವೈರಾಣುವಿನ ಪ್ರಸಾರಕ್ಕೆ ನೆರವಾಗುವ ಬೆಳಕೇ ಅದರ ನಾಶಕ್ಕೂ ಕಾರಣವಾಗುತ್ತದೆ.

ವಂಶವಾಹಿಗಳ ನಿಯಂತ್ರಣ

ಬ್ಯಾಕ್ಯುಲೊವೈರಸ್‌ನ ವಂಶವಾಹಿಗಳು ಒಮ್ಮೆಲೇ ಕೆಲಸ ಮಾಡುವುದಿಲ್ಲ. ಅವು ಸರಪಳಿಯಂತೆ ಒಂದರ ಬಳಿಕ ಒಂದು ಜಾಗೃತವಾಗುತ್ತವೆ. ಇವನ್ನು ಮೂರು ಹಂತಗಳಲ್ಲಿ ವಿಂಗಡಿಸುವುದು ರೂಢಿ.

ಆರಂಭಿಕ ಹಂತ: ವೈರಾಣು ಡಿಎನ್‌ಎಯು ಕೋಶಕೇಂದ್ರವನ್ನು ಸೇರಿದೊಡನೆ, ಹುಳುವಿನ ಜೀವಕೋಶದ್ದೇ ಆದ ಆರ್‌ಎನ್‌ಎ ಪಾಲಿಮರೇಸ್-2 ಎಂಬ ಕಿಣ್ವವು ಆರಂಭಿಕ ವಂಶವಾಹಿಗಳನ್ನು ಓದುತ್ತದೆ. ಇವುಗಳಲ್ಲಿ ಐಇ-1 ಮುಖ್ಯವಾದದ್ದು. ಐಇ-1 ಪ್ರೋಟೀನು ಜೀನೋಮಿನಲ್ಲಿ ಅಲ್ಲಲ್ಲಿ ಇರುವ ಎಚ್‌ಆರ್ ಎಂಬ ಪುನರಾವರ್ತಿತ ಭಾಗಗಳಿಗೆ ಅಂಟಿಕೊಂಡು ಇತರ ಆರಂಭಿಕ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಡಿಎನ್‌ಎ ಪಾಲಿಮರೇಸ್, ಹೆಲಿಕೇಸ್ ಮೊದಲಾದ ಪ್ರತಿಕೃತಿ ಕಿಣ್ವಗಳು ತಯಾರಾಗುವುದು ಈ ಹಂತದಲ್ಲಿ.

ಉತ್ತರ ಹಂತ: ಡಿಎನ್‌ಎ ಇಮ್ಮಡಿಯಾಗತೊಡಗಿದ ಮೇಲೆ ವೈರಾಣುವಿನ ಸ್ವಂತ ಆರ್‌ಎನ್‌ಎ ಪಾಲಿಮರೇಸ್ ಕೆಲಸಕ್ಕಿಳಿಯುತ್ತದೆ. ನಾಲ್ಕು ಘಟಕಗಳ ಈ ಕಿಣ್ವವು ಟಿಎಎಜಿ ಎಂಬ ನಾಲ್ಕಕ್ಷರದ ಗುರುತನ್ನು ಹುಡುಕಿ, ಅಲ್ಲಿಂದ ಓದಲು ಆರಂಭಿಸುತ್ತದೆ. ವೈರಾಣು ಕಣದ ಹೊದಿಕೆಯ ಪ್ರೋಟೀನುಗಳು ಈ ಹಂತದಲ್ಲಿ ತಯಾರಾಗುತ್ತವೆ.

ಅಂತಿಮ ಹಂತ: ಪಾಲಿಹೆಡ್ರಿನ್ ಮತ್ತು ಪಿ10 ಎಂಬ ಪ್ರೋಟೀನುಗಳು ಅಪಾರ ಪ್ರಮಾಣದಲ್ಲಿ ಉತ್ಪತ್ತಿಯಾಗಿ, ಕಣಗಳು ಹರಳಿನೊಳಗೆ ಸೇರುತ್ತವೆ.

ಉತ್ತರ ಮತ್ತು ಅಂತಿಮ ಹಂತಗಳು ನಡೆಯಬೇಕಾದರೆ ಡಿಎನ್‌ಎ ಇಮ್ಮಡಿಯಾಗಲೇಬೇಕು. ಇಮ್ಮಡಿಯಾಗುವುದು ನಿಂತರೆ ಆರಂಭಿಕ ಪ್ರೋಟೀನುಗಳು ತಯಾರಾದರೂ ಮುಂದಿನ ಹಂತ ತೆರೆದುಕೊಳ್ಳುವುದಿಲ್ಲ. ಅತಿನೇರಳೆ ಕಿರಣದ ಹಾನಿಯನ್ನು ಅರಿಯಲು ಈ ಅವಲಂಬನೆ ಮುಖ್ಯ.

ಅತಿನೇರಳೆ ಕಿರಣ

ಕಣ್ಣಿಗೆ ಕಾಣುವ ನೇರಳೆ ಬೆಳಕಿಗಿಂತ ಕಡಿಮೆ ತರಂಗಾಂತರವುಳ್ಳ ಈ ಕಿರಣಗಳನ್ನು ಮೂರು ಗುಂಪುಗಳಾಗಿ ವಿಭಜಿಸಲಾಗಿದೆ: ಯುವಿ-ಎ 315ರಿಂದ 400 ನ್ಯಾನೊಮೀಟರ್, ಯುವಿ-ಬಿ 280ರಿಂದ 315 ನ್ಯಾನೊಮೀಟರ್, ಯುವಿ-ಸಿ 100ರಿಂದ 280 ನ್ಯಾನೊಮೀಟರ್. ಡಿಎನ್‌ಎ ಅತಿ ಹೆಚ್ಚಾಗಿ ಹೀರುವುದು 260 ನ್ಯಾನೊಮೀಟರಿನ ಸುತ್ತಲಿನ ಕಿರಣಗಳನ್ನು. ಇವು ಯುವಿ-ಸಿ ಗುಂಪಿನವಾಗಿದ್ದು, ವಾಯುಮಂಡಲದಲ್ಲಿಯೇ ತಡೆಯಲ್ಪಡುತ್ತವೆ. ನೆಲವನ್ನು ತಲುಪುವ ಅತಿನೇರಳೆ ಕಿರಣದಲ್ಲಿ ಸುಮಾರು ಶೇಕಡಾ 95 ಯುವಿ-ಎ, ಉಳಿದದ್ದು ಯುವಿ-ಬಿ. ಪ್ರಮಾಣದಲ್ಲಿ ಅಲ್ಪವಾದರೂ ಡಿಎನ್‌ಎಗೆ ನೇರ ಹಾನಿ ಮಾಡುವುದರಲ್ಲಿ ಯುವಿ-ಬಿಯದೇ ಮೇಲುಗೈ. ಯುವಿ-ಎ ಮುಖ್ಯವಾಗಿ ಹೈಡ್ರೋಜನ್ ಪೆರಾಕ್ಸೈಡಿನಂಥ ಕ್ರಿಯಾಶೀಲ ಆಮ್ಲಜನಕ ರೂಪಗಳನ್ನು ಉಂಟುಮಾಡಿ ಪರೋಕ್ಷವಾಗಿ ಕೆಡಿಸುತ್ತದೆ.

ಡಿಎನ್‌ಎಯ ಮೇಲಿನ ಪರಿಣಾಮ

ಡಿಎನ್‌ಎಯ ಒಂದೇ ಎಳೆಯಲ್ಲಿ ಎರಡು ಪಿರಿಮಿಡಿನ್ ಬೇಸ್‌ಗಳು, ಅಂದರೆ ಥೈಮಿನ್ ಅಥವಾ ಸೈಟೊಸಿನ್‌ಗಳು, ಅಕ್ಕಪಕ್ಕದಲ್ಲಿದ್ದಾಗ ಅತಿನೇರಳೆ ಕಿರಣದ ಶಕ್ತಿಯು ಅವೆರಡನ್ನೂ ಬೆಸೆದುಬಿಡುತ್ತದೆ. ಈ ಬೆಸುಗೆಯನ್ನು ಪಿರಿಮಿಡಿನ್ ಡೈಮರ್ ಎಂದು ಕರೆಯುತ್ತಾರೆ. 1960ರಲ್ಲಿ ನೆದರ್ಲೆಂಡ್ಸಿನ ಬ್ಯೂಕರ್ಸ್ ಮತ್ತು ಬೆರೆಂಡ್ಸ್ ಥೈಮಿನ್ ಡೈಮರನ್ನು ಗುರುತಿಸಿದರು. ಇದಲ್ಲದೆ 6-4 ಉತ್ಪನ್ನ ಎಂಬ ಮತ್ತೊಂದು ಬಗೆಯ ಬೆಸುಗೆಯೂ ಉಂಟಾಗುತ್ತದೆ. ಬೆಸುಗೆಯಾದ ಕಡೆ ಡಿಎನ್‌ಎಯ ಎಳೆ ಬಾಗುತ್ತದೆ. ಅಕ್ಷರಗಳನ್ನು ಒಂದೊಂದಾಗಿ ಓದುತ್ತ ಸಾಗುವ ಕಿಣ್ವವು ಅಲ್ಲಿಗೆ ಬಂದು ನಿಲ್ಲುತ್ತದೆ.

ಥೈಮಿನ್ ಹೆಚ್ಚಾಗಿರುವ ಜೀನೋಮಿನಲ್ಲಿ ಇಂಥ ಬೆಸುಗೆಗೆ ಅವಕಾಶವೂ ಹೆಚ್ಚು. ಉತ್ತರ ಹಂತದ ವಂಶವಾಹಿಗಳ ಗುರುತಾದ ಟಿಎಎಜಿಯ ಎದುರು ಎಳೆಯಲ್ಲಿರುವುದು ಸಿಟಿಟಿಎ. ಅಂದರೆ ಆ ಗುರುತಿನಲ್ಲಿಯೇ ಮೂರು ಪಿರಿಮಿಡಿನ್‌ಗಳು ಸಾಲಾಗಿ ನಿಂತಿವೆ.

ಪಾಲಿಹೆಡ್ರಾದೊಳಗಿನ ವೈರಾಣು ನಿದ್ರಾವಸ್ಥೆಯಲ್ಲಿರುತ್ತದೆ. ಅಲ್ಲಿ ಡಿಎನ್‌ಎಯನ್ನು ಸರಿಪಡಿಸುವ ಕ್ರಿಯೆ ನಡೆಯುವುದಿಲ್ಲ. ಹೀಗಾಗಿ ಎಲೆಯ ಮೇಲಿರುವಷ್ಟು ಕಾಲವೂ ಹಾನಿ ಕೂಡುತ್ತಲೇ ಹೋಗುತ್ತದೆ. ಆದರೆ ಅದರ ಫಲ ಕಾಣುವುದು ಹುಳು ಅದನ್ನು ತಿಂದ ಬಳಿಕ, ವಂಶವಾಹಿಗಳು ಎಚ್ಚರಗೊಳ್ಳಬೇಕಾದ ಹೊತ್ತಿನಲ್ಲಿ.

ವಂಶವಾಹಿ ನಿಯಂತ್ರಣ ಮತ್ತು ಡಿಎನ್‌ಎ ಇಮ್ಮಡಿಕೆಯ ಮೇಲಿನ ಪರಿಣಾಮ

ಬೆಸುಗೆಗಳು ಜೀನೋಮಿನ ಉದ್ದಕ್ಕೂ ಅಲ್ಲಲ್ಲಿ ಬೀಳುತ್ತವೆ. ಆದ್ದರಿಂದ ಭಾಗವು ಉದ್ದವಾದಷ್ಟೂ ಪೆಟ್ಟು ಬೀಳುವ ಸಂಭವ ಹೆಚ್ಚು. ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಸರಾಸರಿ 10,000 ಬೇಸ್ ಜೋಡಿಗೆ ಒಂದು ಬೆಸುಗೆ ಬಿದ್ದಿದೆ ಎಂದು ಊಹಿಸಿದರೆ, 2,000 ಬೇಸ್ ಜೋಡಿ ಉದ್ದದ ಒಂದು ವಂಶವಾಹಿಯು ಪೆಟ್ಟಿಲ್ಲದೆ ಉಳಿಯುವ ಸಂಭವ ಶೇಕಡಾ 82ರಷ್ಟಿರುತ್ತದೆ. ಆದರೆ 1,31,403 ಬೇಸ್ ಜೋಡಿಗಳ ಇಡೀ ಜೀನೋಮಿನ ಮೇಲೆ ಸರಾಸರಿ 13 ಬೆಸುಗೆಗಳು ಬಿದ್ದಿರುತ್ತವೆ. ಅದು ಒಂದೂ ಪೆಟ್ಟಿಲ್ಲದೆ ಉಳಿಯುವ ಸಂಭವ ಹತ್ತು ಲಕ್ಷಕ್ಕೆ ಎರಡು ಮಾತ್ರ.

ಇದರ ಅರ್ಥ ಹೀಗೆ: ಸಾಧಾರಣ ಪ್ರಮಾಣದ ಬಿಸಿಲನ್ನು ಉಂಡ ವೈರಾಣುವು ಜೀವಕೋಶವನ್ನು ಹೊಗಬಲ್ಲದು; ಐಇ-1ನಂಥ ಆರಂಭಿಕ ವಂಶವಾಹಿಗಳಲ್ಲಿ ಕೆಲವು ಕೆಲಸವನ್ನೂ ಮಾಡಬಲ್ಲವು. ಆದರೆ ಜೀನೋಮನ್ನು ಪೂರ್ತಿಯಾಗಿ ನಕಲು ಮಾಡುವಾಗ ಡಿಎನ್‌ಎ ಪಾಲಿಮರೇಸ್ ಒಂದಲ್ಲ ಒಂದು ಬೆಸುಗೆಯ ಬಳಿ ತಡೆಗೊಳ್ಳುತ್ತದೆ. ಇಮ್ಮಡಿಕೆ ನಿಂತ ಕಾರಣ ಉತ್ತರ ಹಂತದ ವಂಶವಾಹಿಗಳು ಏಳುವುದಿಲ್ಲ, ಪಾಲಿಹೆಡ್ರಿನ್ ಉತ್ಪತ್ತಿಯಾಗುವುದಿಲ್ಲ. ಹಾನಿ ಇನ್ನೂ ಹೆಚ್ಚಾದರೆ ಆರಂಭಿಕ ವಂಶವಾಹಿಗಳ ಓದುವಿಕೆಯೂ ನಿಂತುಹೋಗುತ್ತದೆ. ಪ್ರಮೋಟರ್ ಭಾಗದಲ್ಲಿ ಬೆಸುಗೆ ಬಿದ್ದರೆ ನಿಯಂತ್ರಕ ಪ್ರೋಟೀನುಗಳು ಡಿಎನ್‌ಎಗೆ ಸರಿಯಾಗಿ ಅಂಟಿಕೊಳ್ಳಲಾರವು ಎಂಬುದು ಇತರ ಜೀವಿಗಳ ಡಿಎನ್‌ಎಯ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡುಬಂದಿದೆ.

ಒಂದೇ ಜೀವಕೋಶವನ್ನು ಹಾನಿಗೊಂಡ ಅನೇಕ ವೈರಾಣುಗಳು ಒಟ್ಟಿಗೆ ಹೊಕ್ಕಾಗ, ಒಂದರಲ್ಲಿ ಕೆಟ್ಟ ಭಾಗವನ್ನು ಮತ್ತೊಂದರ ಸರಿಯಾದ ಭಾಗ ತುಂಬಿಕೊಡುವುದುಂಟು. ಬ್ಯಾಕ್ಟೀರಿಯಾಗಳನ್ನು ಸೋಂಕುವ ವೈರಾಣುಗಳಲ್ಲಿ ಈ ವಿದ್ಯಮಾನವನ್ನು ಸಾಲ್ವಡಾರ್ ಲೂರಿಯಾ 1947ರಲ್ಲಿ ವಿವರಿಸಿದರು.

ಹಾನಿಯ ದುರಸ್ತಿ

ಪ್ರಕೃತಿಯಲ್ಲಿ ಈ ಹಾನಿಗೆ ಪರಿಹಾರವೂ ಇದೆ. 1949ರಲ್ಲಿ ಆಲ್ಬರ್ಟ್ ಕೆಲ್ನರ್ ಸೂಕ್ಷ್ಮಜೀವಿಗಳಲ್ಲಿಯೂ, ರೆನಾಟೊ ಡುಲ್ಬೆಕೊ ಬ್ಯಾಕ್ಟೀರಿಯಾ ವೈರಾಣುಗಳಲ್ಲಿಯೂ, ಅತಿನೇರಳೆ ಕಿರಣದಿಂದ ನಿಷ್ಕ್ರಿಯವಾದದ್ದು ಕಾಣುವ ಬೆಳಕಿನಲ್ಲಿ ಮತ್ತೆ ಚೇತರಿಸಿಕೊಳ್ಳುವುದನ್ನು ಕಂಡರು. ನೀಲಿ ಬೆಳಕಿನ ಶಕ್ತಿಯಿಂದ ಡೈಮರನ್ನು ಬಿಡಿಸುವ ಫೋಟೊಲಯೇಸ್ ಎಂಬ ಕಿಣ್ವ ಇದಕ್ಕೆ ಕಾರಣ. ಬೆಳಕಿಲ್ಲದೆಯೂ, ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು ಹೊಸದನ್ನು ಜೋಡಿಸುವ ಇನ್ನೊಂದು ವ್ಯವಸ್ಥೆ ಜೀವಕೋಶಗಳಲ್ಲಿದೆ.

ಕೆಲವು ಬ್ಯಾಕ್ಯುಲೊವೈರಸ್‌ಗಳು ಫೋಟೊಲಯೇಸ್ ವಂಶವಾಹಿಯನ್ನು ತಮ್ಮ ಜೀನೋಮಿನಲ್ಲಿಯೇ ಹೊತ್ತಿವೆ. ಕ್ರೈಸೊಡಿಕ್ಸಿಸ್ ಕ್ಯಾಲ್ಸೈಟಿಸ್ ಎಂಬ ಕೀಟದ ಎನ್‌ಪಿವಿಯಲ್ಲಿ ಇಂಥ ಎರಡು ವಂಶವಾಹಿಗಳಿರುವುದನ್ನು 2004ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ವರದಿ ಮಾಡಿದರು. ಅವುಗಳಲ್ಲಿ ಒಂದು ಡೈಮರನ್ನು ಬಿಡಿಸಬಲ್ಲ ಸಕ್ರಿಯ ಕಿಣ್ವವೆಂದು ಅನಂತರ ತಿಳಿದುಬಂತು. ಕಾಯಿಕೊರಕದ ಎನ್‌ಪಿವಿಯ ಜೀನೋಮಿನಲ್ಲಿ ಇಂಥ ವಂಶವಾಹಿ ವರದಿಯಾಗಿಲ್ಲ. ಹಾಗಾಗಿ ಅದು ಹುಳುವಿನ ಜೀವಕೋಶದ ದುರಸ್ತಿ ವ್ಯವಸ್ಥೆಯನ್ನೇ ಆಶ್ರಯಿಸಬೇಕಾಗುತ್ತದೆ.

ಇತರ ವೈರಾಣುಗಳಲ್ಲಿ

ಅತಿನೇರಳೆ ಕಿರಣವು ಎಲ್ಲ ಸಂದರ್ಭಗಳಲ್ಲೂ ವೈರಾಣುವನ್ನು ಅಡಗಿಸುತ್ತದೆ ಎನ್ನಲಾಗದು. ಕೆಲವೊಮ್ಮೆ ಮಲಗಿದ್ದ ವೈರಾಣುವನ್ನು ಎಬ್ಬಿಸುವುದೂ ಉಂಟು. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಪ್ತವಾಗಿದ್ದ ವೈರಾಣುಗಳು ಈ ಕಿರಣ ತಗುಲಿದಾಗ ಸಕ್ರಿಯಗೊಳ್ಳುವುದನ್ನು 1950ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಆಂದ್ರೆ ಲ್ವಾಫ್ ಮತ್ತು ಸಂಗಡಿಗರು ತೋರಿಸಿದರು. ಲ್ಯಾಂಬ್ಡಾ ವೈರಾಣುವಿನಲ್ಲಿ ಇದರ ಕ್ರಮ ಸ್ಪಷ್ಟವಾಗಿ ತಿಳಿದಿದೆ: ಡಿಎನ್‌ಎಗೆ ಹಾನಿಯಾದಾಗ ಬ್ಯಾಕ್ಟೀರಿಯಾದ ರೆಕ್‌ಎ ಪ್ರೋಟೀನು ಸಕ್ರಿಯವಾಗುತ್ತದೆ, ಅದರ ಪ್ರಭಾವದಿಂದ ವೈರಾಣುವಿನ ವಂಶವಾಹಿಗಳನ್ನು ಮುಚ್ಚಿಟ್ಟಿದ್ದ ದಮನಕ ಪ್ರೋಟೀನು ತುಂಡಾಗುತ್ತದೆ, ವೈರಾಣು ಎಚ್ಚರಗೊಂಡು ಡಿಎನ್‌ಎಯನ್ನು ಇಮ್ಮಡಿಸತೊಡಗುತ್ತದೆ. ಮನುಷ್ಯರಲ್ಲಿ ತುಟಿಯ ಮೇಲೆ ಗುಳ್ಳೆಗಳನ್ನು ತರುವ ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವು ತೀಕ್ಷ್ಣ ಬಿಸಿಲಿನ ಬಳಿಕ ಮರುಕಳಿಸುವುದು ವೈದ್ಯರಿಗೆ ತಿಳಿದ ವಿಷಯ. ಎಚ್‌ಐವಿಯ ಪ್ರಮೋಟರ್ ಭಾಗವು ಅತಿನೇರಳೆ ಕಿರಣಕ್ಕೆ ಒಳಗಾದ ಜೀವಕೋಶಗಳಲ್ಲಿ ಚುರುಕಾಗುತ್ತದೆಂದು 1988ರಲ್ಲಿ ವರದಿಯಾಯಿತು.

ಈ ಉದಾಹರಣೆಗಳಲ್ಲಿ ಕಿರಣ ತಗುಲುವುದು ಜೀವಂತ ಕೋಶದೊಳಗೆ ಅಡಗಿರುವ ವೈರಾಣುವಿಗೆ. ಎಲೆಯ ಮೇಲಿನ ಪಾಲಿಹೆಡ್ರಾದ ಸ್ಥಿತಿ ಬೇರೆ. ಅಲ್ಲಿ ಎಬ್ಬಿಸುವ ಜೀವಕೋಶವೇ ಇಲ್ಲದಿರುವುದರಿಂದ ಹಾನಿಯೊಂದೇ ಉಳಿಯುತ್ತದೆ.

ಹೊಲದಲ್ಲಿನ ಪರಿಸ್ಥಿತಿ

ರೋಣ, ನರಗುಂದ, ಗಜೇಂದ್ರಗಡಗಳ ಅಕ್ಷಾಂಶದಲ್ಲಿ ಡಿಸೆಂಬರ್ 22ರ ಸುಮಾರಿಗೆ, ವರ್ಷದ ಅತಿ ಚಿಕ್ಕ ಹಗಲಿನಂದೂ, ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಆ ಎತ್ತರ ಸುಮಾರು 13 ಡಿಗ್ರಿಗೆ ಇಳಿದಿರುತ್ತದೆ. ಆಗ ಕಿರಣಗಳು ವಾಯುಮಂಡಲದಲ್ಲಿ ಹಾದುಬರುವ ದಾರಿ ನಡುಹಗಲಿನದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ದಾರಿ ಉದ್ದವಾದಂತೆ ಓಜೋನ್ ಪದರವು ಯುವಿ-ಬಿಯನ್ನು ಹೆಚ್ಚು ಹೆಚ್ಚು ಹೀರುತ್ತದೆ. ಆದ್ದರಿಂದ ಇಳಿಹೊತ್ತಿನಲ್ಲಿ ಕಣ್ಣಿಗೆ ಇನ್ನೂ ಸಾಕಷ್ಟು ಬೆಳಕಿದ್ದರೂ ಯುವಿ-ಬಿ ಬಹಳ ಕ್ಷೀಣವಾಗಿರುತ್ತದೆ.

ಈ ಕಾಲದಲ್ಲಿ ಹಗಲು ಸುಮಾರು 11 ಗಂಟೆ, ಇರುಳು ಸುಮಾರು 13 ಗಂಟೆ. ಸಂಜೆ ಸಿಂಪಡಿಸಿದ ವೈರಾಣುವಿಗೆ ಮರುದಿನದ ಬಿಸಿಲೇರುವ ತನಕ ಇಷ್ಟು ದೀರ್ಘವಾದ ಸುರಕ್ಷಿತ ಅವಧಿ ದೊರೆಯುತ್ತದೆ. ಹುಳುಗಳು ಸಂಜೆ ಮತ್ತು ರಾತ್ರಿಯ ವೇಳೆಯಲ್ಲೂ ಮೇಯುವುದರಿಂದ ಹಾನಿಯಾಗುವ ಮೊದಲೇ ಅವು ವೈರಾಣುವನ್ನು ತಿನ್ನುವ ಅವಕಾಶವಿರುತ್ತದೆ. ಬೆಳಿಗ್ಗೆ ಹತ್ತು ಗಂಟೆಗೆ ಸಿಂಪಡಿಸಿದರೆ ದಿನದ ಅತಿ ತೀವ್ರ ಕಿರಣಗಳನ್ನೇ ಮೊದಲು ಎದುರಿಸಬೇಕಾಗುತ್ತದೆ. ತೆರೆದ ಎಲೆಯ ಮೇಲೆ, ಯಾವ ರಕ್ಷಣೆಯೂ ಇಲ್ಲದಿದ್ದರೆ, ವೈರಾಣುವಿನ ಶಕ್ತಿಯ ಹೆಚ್ಚಿನ ಭಾಗ ಕೆಲವೇ ದಿನಗಳಲ್ಲಿ ಕುಂದುತ್ತದೆ.

ಎಲೆಯಿಂದ ಮಣ್ಣಿಗೆ ಬಿದ್ದ ಪಾಲಿಹೆಡ್ರಾಗಳ ಗತಿ ಬೇರೆ. ಜೇಡಿಯ ಕಣಗಳಿಗೆ ಅಂಟಿಕೊಂಡು, ಬೆಳಕು ತಲುಪದ ಆಳದಲ್ಲಿ ಅವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯಬಲ್ಲವು.

ರಕ್ಷಕ ವಸ್ತುಗಳು

ಬೆಲ್ಲ: ಶೇಕಡಾ 0.5ರಿಂದ 1ರಷ್ಟು ಬೆರೆಸುತ್ತಾರೆ. 15 ಲೀಟರಿನ ಪಂಪಿಗೆ ಇದು 75ರಿಂದ 150 ಗ್ರಾಂ ಆಗುತ್ತದೆ. ಸಿಹಿಯಿಂದಾಗಿ ಹುಳು ಹೆಚ್ಚು ತಿನ್ನುವುದು, ದ್ರಾವಣ ಎಲೆಗೆ ಅಂಟಿಕೊಳ್ಳುವುದು ಮತ್ತು ಅದರ ಕಂದು ಬಣ್ಣ ಕಿರಣವನ್ನು ಸ್ವಲ್ಪಮಟ್ಟಿಗೆ ಹೀರುವುದು ಇದರ ಉಪಯೋಗಗಳು.

ಬಟ್ಟೆಯ ನೀಲಿ: ಸುಲಭವಾಗಿ ಅಂಗಡಿಯಲ್ಲಿ ದೊರೆಯುವುದರಿಂದ ಭಾರತದಲ್ಲಿ ಇದರ ಬಳಕೆ ರೂಢಿಗೆ ಬಂದಿದೆ. ಶೇಕಡಾ 0.1ರಷ್ಟು ಬೆರೆಸುವುದು ಸಾಮಾನ್ಯ.

ಬಿಳುಪುಕಾರಕಗಳು: ಟಿನೋಪಾಲ್‌ನಂಥ ಸ್ಟಿಲ್ಬೀನ್ ವಸ್ತುಗಳು ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತವೆ. ಇವು ಹುಳುವಿನ ಕರುಳಿನ ಒಳಪೊರೆಯನ್ನು ಸಡಿಲಿಸಿ ಸೋಂಕನ್ನೂ ಸುಲಭವಾಗಿಸುತ್ತವೆ.

ಇತರೆ: ಲಿಗ್ನಿನ್, ಟೈಟಾನಿಯಂ ಡೈಆಕ್ಸೈಡ್, ಸತುವಿನ ಆಕ್ಸೈಡ್, ಇಂಗಾಲದ ಪುಡಿ ಮೊದಲಾದವುಗಳನ್ನು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಲಾಗಿದೆ.

ಇವೆಲ್ಲವುಗಳ ತತ್ತ್ವ ಒಂದೇ: ಕಿರಣವು ಡಿಎನ್‌ಎಯನ್ನು ತಲುಪುವ ಮೊದಲೇ ಅದನ್ನು ಹೀರುವುದು ಅಥವಾ ಚದುರಿಸುವುದು. ಒಮ್ಮೆ ಉಂಟಾದ ಬೆಸುಗೆಯನ್ನು ಇವು ಬಿಡಿಸಲಾರವು.

ಬಳಕೆಯ ಕ್ರಮ

ಭಾರತದಲ್ಲಿ ಎನ್‌ಪಿವಿಯ ಪ್ರಮಾಣವನ್ನು ಹುಳು ಸಮಾನ ಅಥವಾ ಎಲ್.ಇ. ಎಂಬ ಏಕಮಾನದಲ್ಲಿ ಹೇಳುತ್ತಾರೆ. ಒಂದು ಎಲ್.ಇ. ಎಂದರೆ 600 ಕೋಟಿ ಪಾಲಿಹೆಡ್ರಾ. ಕಡಲೆಗೆ ಹೆಕ್ಟೇರಿಗೆ 250 ಎಲ್.ಇ., ಅಂದರೆ ಎಕರೆಗೆ 100 ಎಲ್.ಇ. ಸಾಮಾನ್ಯ ಶಿಫಾರಸು. ಎಕರೆಗೆ ಬೀಳುವ 60,000 ಕೋಟಿ ಪಾಲಿಹೆಡ್ರಾಗಳನ್ನು ಸಮನಾಗಿ ಹಂಚಿದರೆ ಒಂದು ಚದರ ಮೀಟರಿಗೆ ಸುಮಾರು 15 ಕೋಟಿಯಾಗುತ್ತದೆ. ಇಷ್ಟು ದೊಡ್ಡ ಸಂಖ್ಯೆ ಅಗತ್ಯವಾಗುವುದಕ್ಕೆ ಬಿಸಿಲಿನಲ್ಲಿ ಕಳೆದುಹೋಗುವ ಪಾಲೂ ಒಂದು ಕಾರಣ.

ಸಿಂಪಡಣೆಯಲ್ಲಿ ಪಾಲಿಸಬೇಕಾದ ಅಂಶಗಳು ಇವು:

ಮೊಟ್ಟೆಗಳು ಮತ್ತು ಎಳೆಯ ಹುಳುಗಳು ಕಂಡಾಗಲೇ ಸಿಂಪಡಿಸಬೇಕು. ಬೆಳೆದ ಹುಳುವಿಗೆ ಬಹಳ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ; ಮೇಲಾಗಿ ಅದು ಕಾಯಿಯೊಳಗೆ ತಲೆ ಹುದುಗಿಸಿರುತ್ತದೆ.

ಸಂಜೆ ಬಿಸಿಲು ತಗ್ಗಿದ ಮೇಲೆಯೇ ಸಿಂಪಡಿಸಬೇಕು.

ದ್ರಾವಣವನ್ನು ಬೇಕಾದಷ್ಟು ಮಾತ್ರ ಆಗಿಂದಾಗ ಸಿದ್ಧಪಡಿಸಿ ನೆರಳಿನಲ್ಲಿಡಬೇಕು.

ಬಾಟಲಿಗಳನ್ನು ತಂಪಾದ, ಕತ್ತಲೆಯ ಜಾಗದಲ್ಲಿ ಶೇಖರಿಸಬೇಕು.

ಸಾಯಲು ಹಲವು ದಿನಗಳು ಹಿಡಿಯುವುದರಿಂದ ಮರುದಿನವೇ ಫಲ ಕಾಣಲಿಲ್ಲವೆಂದು ಮತ್ತೊಂದು ಔಷಧಿ ಹೊಡೆಯುವ ಅವಸರ ಸಲ್ಲದು.

ಉತ್ಪಾದನೆ ಮತ್ತು ಸಂಶೋಧನೆ

ಅಮೆರಿಕದಲ್ಲಿ ಹೆಲಿಕೊವರ್ಪಾ ಗುಂಪಿನ ಎನ್‌ಪಿವಿಯಿಂದ ತಯಾರಿಸಿದ ಎಲ್ಕಾರ್ ಎಂಬ ಉತ್ಪನ್ನ 1975ರಲ್ಲಿ ನೋಂದಣಿಯಾಯಿತು. ಕರ್ನಾಟಕದಲ್ಲಿ 1986ರಲ್ಲಿ ಸ್ಥಾಪನೆಯಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಕಾಯಿಕೊರಕದ ಸಮಗ್ರ ನಿರ್ವಹಣೆಯಲ್ಲಿ ಎನ್‌ಪಿವಿಯನ್ನು ಸೇರಿಸಿಕೊಂಡಿದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಹೈದರಾಬಾದಿನ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಗಳೂ ಈ ಕ್ಷೇತ್ರದಲ್ಲಿ ಕೆಲಸ ಮಾಡಿವೆ. ಗದಗ ಜಿಲ್ಲೆಯಲ್ಲಿ ಕೃಷಿ ತಾಂತ್ರಿಕತೆಯನ್ನು ರೈತರಿಗೆ ತಲುಪಿಸುವ ಕೃಷಿ ವಿಜ್ಞಾನ ಕೇಂದ್ರ ಹುಲಕೋಟಿಯಲ್ಲಿದೆ.

ವೈರಾಣುವು ಜೀವಂತ ಕೋಶದಲ್ಲಿ ಮಾತ್ರ ಬೆಳೆಯುವುದರಿಂದ ಉತ್ಪಾದನೆಗೆ ಹುಳುಗಳನ್ನೇ ಸಾಕಬೇಕು. ಹೆಲಿಕೊವರ್ಪಾ ಹುಳುಗಳು ಒಂದನ್ನೊಂದು ತಿನ್ನುವ ಸ್ವಭಾವದವು. ಆದ್ದರಿಂದ ಪ್ರತಿಯೊಂದನ್ನೂ ಬೇರೆ ಬೇರೆ ಗೂಡಿನಲ್ಲಿಟ್ಟು ಸಾಕಬೇಕಾಗುತ್ತದೆ. ಇದು ದುಡಿಮೆಯನ್ನೂ ವೆಚ್ಚವನ್ನೂ ಹೆಚ್ಚಿಸುತ್ತದೆ. ಹೊಲದಲ್ಲಿ ರೋಗದಿಂದ ಸತ್ತ ಹುಳುಗಳನ್ನು ಆಯ್ದು, ನೀರಿನಲ್ಲಿ ಅರೆದು, ಬಟ್ಟೆಯಲ್ಲಿ ಸೋಸಿ ಸಿಂಪಡಿಸುವ ಪದ್ಧತಿಯೂ ಇದೆ. ಆದರೆ ಹೀಗೆ ತಯಾರಿಸಿದ ದ್ರಾವಣದಲ್ಲಿ ಎಷ್ಟು ಪಾಲಿಹೆಡ್ರಾಗಳಿವೆ ಎಂಬುದನ್ನು ಸೂಕ್ಷ್ಮದರ್ಶಕವಿಲ್ಲದೆ ತಿಳಿಯಲಾಗದು.

ಸುರಕ್ಷತೆ

ಎನ್‌ಪಿವಿಯು ಮನುಷ್ಯ, ದನಕರು, ಪಕ್ಷಿ, ಮೀನು ಮತ್ತು ಜೇನುನೊಣಗಳಿಗೆ ಸೋಂಕು ತರುವುದಿಲ್ಲ. ಕಾಯಿಕೊರಕವನ್ನು ತಿನ್ನುವ ಇತರ ಉಪಕಾರಿ ಕೀಟಗಳೂ ಉಳಿಯುತ್ತವೆ. ಕಡಲೆಯ ಎಳೆಸೊಪ್ಪನ್ನೂ ಹಸಿಗಾಯಿಯನ್ನೂ ಹೊಲದಿಂದ ನೇರವಾಗಿ ತಿನ್ನುವ ರೂಢಿಯಿರುವ ಈ ಭಾಗದಲ್ಲಿ ಇದು ಗಮನಾರ್ಹ ಗುಣ.

ಮಿತಿಗಳು

ಎನ್‌ಪಿವಿ ವಿಫಲವಾದಾಗಲೆಲ್ಲ ಬಿಸಿಲನ್ನೇ ಕಾರಣವೆಂದು ಹೇಳಲಾಗದು. ಕಡಲೆ ಗಿಡದ ಎಲೆಯ ಮೇಲಿರುವ ಐಸೊಫ್ಲೇವನಾಯ್ಡ್ ಎಂಬ ಸಸ್ಯಜನ್ಯ ವಸ್ತುಗಳೂ ವೈರಾಣುವನ್ನು ನಿಷ್ಕ್ರಿಯಗೊಳಿಸುತ್ತವೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಂಥ ನಷ್ಟವನ್ನು ಕಿರಣರಕ್ಷಕಗಳು ತಡೆಯಲಾರವು. ತಡವಾದ ಸಿಂಪಡಣೆ, ಕಡಿಮೆ ಪ್ರಮಾಣ, ಶಾಖದಲ್ಲಿ ಇರಿಸಿದ ಹಳೆಯ ದಾಸ್ತಾನು ಇವೂ ಪರಿಣಾಮವನ್ನು ತಗ್ಗಿಸುತ್ತವೆ. ಆದುದರಿಂದ ಎನ್‌ಪಿವಿಯನ್ನು ಮಾಗಿ ಉಳುಮೆ, ಲಿಂಗಾಕರ್ಷಕ ಬಲೆ, ಪಕ್ಷಿಗಳು ಕೂರಲು ಕವಲುಕೋಲು, ಬೇವಿನ ಬೀಜದ ಕಷಾಯ ಮುಂತಾದ ಕ್ರಮಗಳೊಂದಿಗೆ ಸೇರಿಸಿ ಬಳಸುವುದು ವಾಡಿಕೆ.

ಇದೇ ಕಿರಣದ ಮತ್ತೊಂದು ಮುಖವನ್ನು ರೇಷ್ಮೆ ಸಾಕಣೆಯಲ್ಲಿ ಕಾಣಬಹುದು. ಅಲ್ಲಿ ಹಾಲುತೊಂಡೆ ರೋಗದ ವೈರಾಣುವನ್ನು ಕುಗ್ಗಿಸಲು ತಟ್ಟೆ, ಚಂದ್ರಿಕೆಗಳನ್ನು ತೊಳೆದು, ಸೋಂಕು ನಿವಾರಕ ಹಾಕಿ ಬಿಸಿಲಿನಲ್ಲಿ ಒಣಗಿಸುತ್ತಾರೆ. ಕಡಲೆ ಹೊಲದಲ್ಲಿ ತಪ್ಪಿಸಬೇಕಾದ ಬಿಸಿಲು ಹುಳುಮನೆಯಲ್ಲಿ ಬೇಕಾದ ನೆರವಾಗಿದೆ.

ಇವನ್ನೂ ನೋಡಿ

ಬ್ಯಾಕ್ಯುಲೊವೈರಸ್
ಅತಿನೇರಳೆ ಕಿರಣ
ಡಿಎನ್‌ಎ ದುರಸ್ತಿ
ಕಡಲೆ
ಸಮಗ್ರ ಕೀಟ ನಿರ್ವಹಣೆ
ಗದಗ ಜಿಲ್ಲೆ